ಮೆದುಳಿನ ಗಡ್ಡೆ ಮತ್ತು ಪ್ರಿಯಾನ್: ಭಯ ಬೇಡ, ತಿಳಿವಳಿಕೆ ಇರಲಿ

‘ಪ್ರಿಯಾನ್’ ಎಂದೊಡನೆ ಹಲವರಿಗೆ ನೆನಪಾಗುವುದು ಹುಚ್ಚು ಹಸು ರೋಗ. 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಪತ್ತೆಯಾದ ಈ ರೋಗ ಮನುಷ್ಯರಿಗೂ ತಗಲಿರುವುದು 1996ರಲ್ಲಿ ಬೆಳಕಿಗೆ ಬಂತು. ಇದೇ ಪ್ರಿಯಾನ್‌ಗೂ ಮೆದುಳಿನ ಕ್ಯಾನ್ಸರಿಗೂ ನಂಟಿದೆ ಎಂದು ಓದಿದವರು, ‘ಹಾಗಾದರೆ ಮೆದುಳಿನ ಗಡ್ಡೆಯೂ ಅಂಟುರೋಗವೇ?’ ಎಂದು ಅಂಜುವುದು ಸಹಜ. ಖಂಡಿತ ಅಲ್ಲ. ಏಕೆಂಬುದನ್ನು ನಾವು ತಿಳಿದುಕೊಳ್ಳೋಣ.

ಪ್ರಿಯಾನ್ ಎಂದರೇನು?

ಪ್ರಿಯಾನ್ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ, ಅದೊಂದು ಪ್ರೋಟೀನ್. 1982ರಲ್ಲಿ ಈ ಹೆಸರನ್ನಿಟ್ಟ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇದರ ಸಾಮಾನ್ಯ ರೂಪ ನಮ್ಮೆಲ್ಲರ ಮೆದುಳಿನಲ್ಲೂ ಇದೆ. ಜೀವಕೋಶದ ಹೊರಪೊರೆಯ ಮೇಲಿದ್ದು, ಹೊರಗಿನ ಸಂದೇಶಗಳನ್ನು ಒಳಗೆ ತಲುಪಿಸಲು ಅದು ನೆರವಾಗುತ್ತದೆ. ಇದರ ಆಕಾರ ಕೆಟ್ಟಾಗ ಮಾತ್ರ ಅದು ಪಕ್ಕದ ಒಳ್ಳೆಯ ಪ್ರೋಟೀನುಗಳನ್ನೂ ಕೆಡಿಸುತ್ತಾ ಹೋಗುತ್ತದೆ. ಹುಚ್ಚು ಹಸು ರೋಗ ಬರುವುದು ಹೀಗೆ.

ಗಡ್ಡೆಯಲ್ಲಿ ಅದರ ಪಾತ್ರ

ವಯಸ್ಕರ ಮೆದುಳಿನ ಕ್ಯಾನ್ಸರುಗಳಲ್ಲಿ ಅತ್ಯಂತ ಉಗ್ರವಾದದ್ದು ಗ್ಲಿಯೋಬ್ಲಾಸ್ಟೋಮಾ. ಅದು ಬೇರು ಬಿಟ್ಟಂತೆ ಸುತ್ತಲೂ ಹರಡುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿಯಾಗಿ ತೆಗೆಯಲಾಗದು. ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಟೆಮೊಝೊಲೊಮೈಡ್ ಎಂಬ ಔಷಧ ಇಂದಿಗೂ ಮುಖ್ಯ ಚಿಕಿತ್ಸೆ. ಈ ಔಷಧ ಸೇರಿಸಿದಾಗ ರೋಗಿಗಳ ಬದುಕಿನ ಮಧ್ಯಮ ಅವಧಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿತೆಂದು 2005ರ ಅಧ್ಯಯನ ತೋರಿಸಿತು.

ಈ ಗಡ್ಡೆಯ ಬೆಳವಣಿಗೆಗೆ ನೆರವಾಗುವುದು ಆಕಾರ ಕೆಟ್ಟ ಪ್ರಿಯಾನ್ ಅಲ್ಲ, ಸಾಮಾನ್ಯ ರೂಪದ್ದೇ. ಗಡ್ಡೆಯ ಕೋಶಗಳು ‘ಹಾಪ್’ ಎಂಬ ಇನ್ನೊಂದು ಪ್ರೋಟೀನನ್ನು ಹೊರಸೂಸುತ್ತವೆ. ಬೀಗಕ್ಕೆ ಕೀಲಿ ಕೂರುವಂತೆ ಅದು ಪ್ರಿಯಾನ್ ಪ್ರೋಟೀನಿಗೆ ಅಂಟಿದಾಗ, ಬೆಳೆಯಬೇಕೆಂಬ ಸಂದೇಶ ಕೋಶದೊಳಗೆ ಹೋಗುತ್ತದೆ. ಬ್ರೆಜಿಲ್ ದೇಶದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಹಾಪ್‌ನ ಒಂದು ಸಣ್ಣ ತುಣುಕನ್ನು ಬಳಸಿ ಈ ಜೋಡಣೆಯನ್ನು ತಡೆದರು. ಆಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ಕುಗ್ಗಿತು, ಅವು ಹೆಚ್ಚು ಕಾಲ ಬದುಕಿದವು. ಇದು ಭರವಸೆಯ ಬೆಳಕು. ಆದರೆ ಆಸ್ಪತ್ರೆಯಲ್ಲಿ ಸಿಗುವ ಔಷಧವಲ್ಲ. ‘ಪ್ರಿಯಾನ್ ಚಿಕಿತ್ಸೆ’ ಎಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ. ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಡಿ.

ನಾವೇನು ಮಾಡಬಹುದು?

ದಿನೇ ದಿನೇ ಹೆಚ್ಚುವ ತಲೆನೋವು, ಬೆಳಗಿನ ವಾಂತಿ, ದೊಡ್ಡವರಲ್ಲಿ ಮೊದಲ ಬಾರಿಗೆ ಬರುವ ಫಿಟ್ಸ್, ಕೈಕಾಲಿನ ಬಲಹೀನತೆ, ಮಾತಿನ ತೊಡಕು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಗಡ್ಡೆಯಿಂದ ರೋಗಿಯ ಸ್ವಭಾವವೂ ಬದಲಾಗಬಹುದು. ಅವರು ಸಿಡುಕಿದರೆ ಅದು ಹಟವೂ ಅಲ್ಲ, ದೆವ್ವದ ಕಾಟವೂ ಅಲ್ಲ, ಕಾಯಿಲೆಯ ಪರಿಣಾಮ.

ರೋಗಿಯ ತಟ್ಟೆ, ಲೋಟ, ಹಾಸಿಗೆ ಬೇರೆ ಇಡಬೇಕಾಗಿಲ್ಲ. ಅವರ ಕೈ ಹಿಡಿದು ಪ್ರಾರ್ಥಿಸಲು, ಪರಮಪ್ರಸಾದ ತಲುಪಿಸಲು ಯಾರೂ ಹಿಂಜರಿಯಬೇಕಿಲ್ಲ. ಇಂಥ ಮನೆಗಳಿದ್ದರೆ ಗುರಿಕಾರರು ಧರ್ಮಗುರುಗಳಿಗೆ ತಿಳಿಸಲಿ. ನೆರೆಹೊರೆಯವರು ಸರದಿಯಂತೆ ಜೊತೆಗಿದ್ದು ಮನೆಯವರಿಗೆ ಒಂದಿಷ್ಟು ವಿಶ್ರಾಂತಿ ಕೊಡಲಿ. ಪ್ರತಿವರ್ಷ ಫೆಬ್ರವರಿ 11ರಂದು ವಿಶ್ವ ರೋಗಿಗಳ ದಿನವನ್ನು ಆಚರಿಸುವ ನಾವು, ಉಳಿದ ದಿನಗಳಲ್ಲೂ ರೋಗಿಯ ಬಾಗಿಲು ತಟ್ಟೋಣ. ಈ ಕಾಯಿಲೆ ಮುಟ್ಟಿದರೆ ಹರಡುವುದಿಲ್ಲ. ಆದರೆ ಯಾರೂ ಮುಟ್ಟದೆ ದೂರ ನಿಂತರೆ ರೋಗಿಯ ನೋವು ಇಮ್ಮಡಿಯಾಗುತ್ತದೆ.