ಹಳೆಯ ಮೊಬೈಲಿನ ಚಿನ್ನ ಮತ್ತು ಹಿತ್ತಲಿನ ಆಮ್ಲ

ಹಳೆಯ ಮೊಬೈಲ್, ಕಂಪ್ಯೂಟರ್ ಹಾಗೂ ಟಿ.ವಿ.ಗಳ ಸರ್ಕ್ಯೂಟ್ ಬೋರ್ಡುಗಳಿಂದ ಮನೆಯಲ್ಲಿಯೇ ಚಿನ್ನ ತೆಗೆಯುವ ವಿಧಾನವನ್ನು ತೋರಿಸುವ ವಿಡಿಯೋಗಳು ಈಗ ಗ್ರಾಮೀಣ ಯುವಕರ ಕೈಗೂ ತಲುಪಿವೆ. ಗುಜರಿ ಅಂಗಡಿಯಿಂದ ತಂದ ಬೋರ್ಡು, ಒಂದು ಪ್ಲಾಸ್ಟಿಕ್ ಬಕೆಟ್ಟು, ಒಂದೆರಡು ಕ್ಯಾನ್ ಆಮ್ಲ ಇದ್ದರೆ ಸಾಕೆಂಬ ಭಾವನೆ ಅವುಗಳಿಂದ ಮೂಡುತ್ತದೆ. ಬೋರ್ಡಿನಲ್ಲಿ ಚಿನ್ನವಿದೆ ಎಂಬ ಮಾತು ಸುಳ್ಳಲ್ಲ. ಆದುದರಿಂದ ‘ಅದೆಲ್ಲ ಮೋಸ’ ಎಂದು ತಳ್ಳಿಹಾಕಿದರೆ ಯಾರೂ ಕೇಳುವುದಿಲ್ಲ. ಲೆಕ್ಕ ಮತ್ತು ಅಪಾಯ ಎರಡನ್ನೂ ಬಿಡಿಸಿ ಹೇಳಬಲ್ಲ ಸದಸ್ಯರ ಮಾತಿಗೆ ಮಾತ್ರ ಬೆಲೆ ಬರುತ್ತದೆ.

ಚಿನ್ನವು ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಈ ಕಾರಣದಿಂದ ಸಿಮ್ ಕಾರ್ಡು, ಕನೆಕ್ಟರ್ ಮತ್ತು ಚಿಪ್ಪುಗಳ ಸಂಪರ್ಕ ಬಿಂದುಗಳಿಗೆ ಅದರ ತೆಳು ಲೇಪನವಿರುತ್ತದೆ. ಸ್ವಿಚ್ಚುಗಳಲ್ಲಿ ಬೆಳ್ಳಿ, ಕೆಲವು ಕೆಪಾಸಿಟರುಗಳಲ್ಲಿ ಪಲ್ಲಾಡಿಯಂ ಇರುವುದುಂಟು. ಒಂದು ಮೊಬೈಲಿನಲ್ಲಿರುವ ಚಿನ್ನ ಸುಮಾರು 0.03 ಗ್ರಾಂ. ಇದು ಅಲ್ಪವೆಂದು ಕಂಡರೂ, ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ ಎಂಬುದನ್ನು ನೆನೆದರೆ ಬೋರ್ಡುಗಳು ಗಣಿಗಿಂತ ಶ್ರೀಮಂತವೆಂದೇ ಹೇಳಬೇಕು. ಆಸೆ ಹುಟ್ಟುವುದು ಇಲ್ಲಿಯೇ.

ಆದರೆ ಇರುವ ಚಿನ್ನ ಬೇರೆ, ಕೈಗೆ ಬರುವ ಚಿನ್ನ ಬೇರೆ. 2006ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯ ಪರವಾಗಿ ಬೆಂಗಳೂರಿನ ಹಿತ್ತಲ ಘಟಕಗಳ ಅಧ್ಯಯನ ನಡೆದಿತ್ತು. ಬೋರ್ಡಿನಲ್ಲಿದ್ದ ಚಿನ್ನದ ಕಾಲು ಭಾಗದಷ್ಟನ್ನು ಮಾತ್ರ ಅಲ್ಲಿನವರು ಪಡೆಯುತ್ತಿದ್ದರು. ಆಧುನಿಕ ಕರಗುಕುಲುಮೆಯಲ್ಲಿ ಈ ಪ್ರಮಾಣ ಶೇ. 95ನ್ನು ಮುಟ್ಟುತ್ತದೆ. ಅವರು ಕಸುಬಿನಲ್ಲಿ ಪಳಗಿದವರು ಎಂಬುದನ್ನು ಗಮನಿಸಬೇಕು. ಅದೇ ಲೆಕ್ಕದಲ್ಲಿ ನೂರು ಮೊಬೈಲುಗಳಲ್ಲಿರುವ 3 ಗ್ರಾಂ ಚಿನ್ನದಲ್ಲಿ ದಕ್ಕುವುದು ಮುಕ್ಕಾಲು ಗ್ರಾಂ. ಅದರಿಂದ ಮೊಬೈಲುಗಳ ಬೆಲೆ, ಆಮ್ಲದ ಬೆಲೆ ಮತ್ತು ದಿನಗಟ್ಟಲೆಯ ಕೂಲಿಯನ್ನು ಕಳೆಯಬೇಕು. ಉಳಿದ ಎರಡೂಕಾಲು ಗ್ರಾಂ ಆಮ್ಲದೊಡನೆ ಚರಂಡಿಗೆ ಅಥವಾ ಬೂದಿಗುಂಡಿಗೆ ಸೇರುತ್ತದೆ.

ಚಿನ್ನವನ್ನು ಕರಗಿಸಲು ಬಳಸುವುದು ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣವಾದ ‘ರಾಜಾಮ್ಲ’. ಇದರಿಂದ ಕ್ಲೋರಿನ್ ಹಾಗೂ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಅನಿಲಗಳು ಏಳುತ್ತವೆ. ಕಂದು ಹೊಗೆಯ ವಿಷಯದಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಅದನ್ನು ಉಸಿರಾಡಿದವರಿಗೆ ಮೊದಲು ಸ್ವಲ್ಪ ಕೆಮ್ಮು ಬಂದು ನಿಂತುಹೋಗಬಹುದು. ‘ಏನೂ ಆಗಲಿಲ್ಲ’ ಎಂದು ಮನೆಗೆ ಹೋಗಿ ಮಲಗಿದವರಿಗೆ ಹಲವು ಗಂಟೆಗಳ ನಂತರ, ಒಮ್ಮೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಾಪಾಯ ಒದಗುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ಲಾಗಲಿ, ಬಟ್ಟೆಯ ಮಾಸ್ಕಾಗಲಿ ಈ ಅನಿಲವನ್ನು ತಡೆಯುವುದಿಲ್ಲ. ಇಂತಹ ಹೊಗೆ ಸೇವಿಸಿದವರನ್ನು ಕೆಮ್ಮು ನಿಂತಿದ್ದರೂ 108 ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಸೇರಿಸಿ, ಆಮ್ಲದ ಹೊಗೆ ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು. ಪೊಲೀಸರ ಭಯದಿಂದ ಕುಟುಂಬದವರು ಇದನ್ನು ಮುಚ್ಚಿಡುವ ಸಂಭವವಿದೆ. ಆ ಹೊತ್ತಿನಲ್ಲಿ ಧೈರ್ಯ ಹೇಳಬೇಕಾದವರು ವಾರ್ಡಿನ ಸದಸ್ಯರೇ. ಕೆಲವರು ಸೈನೈಡ್ ಅಥವಾ ಪಾದರಸವನ್ನೂ ಬಳಸುತ್ತಾರೆ. ಸೈನೈಡಿಗೆ ಆಮ್ಲ ತಾಗಿದರೆ ಹೊರಬರುವ ಅನಿಲವು ನಿಮಿಷಗಳಲ್ಲಿ ಕೊಲ್ಲಬಲ್ಲದು.

ಇನ್ನು ನೀರಿನ ಮಾತು. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಕೇವಲ ಒಂದು ಗ್ರಾಂ ಸೀಸವು ಒಂದು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಐವತ್ತು ಸಾವಿರ ಲೀಟರಿನ ಎರಡು ಓವರ್‌ಹೆಡ್ ಟ್ಯಾಂಕುಗಳಷ್ಟು ನೀರು ಅದು. ಚೆಲ್ಲಿದ ಸೀಸವೆಲ್ಲವೂ ನೇರವಾಗಿ ಕೊಳವೆಬಾವಿಗೆ ಇಳಿಯುವುದಿಲ್ಲ, ಬಹುಭಾಗವನ್ನು ಮಣ್ಣು ಹಿಡಿದುಕೊಳ್ಳುತ್ತದೆ. ಆದರೆ ಆ ಮಣ್ಣಿನಲ್ಲಿ ಆಡುವವರು ಮಕ್ಕಳು. ಬೆಳೆಯುವ ಮಿದುಳಿಗೆ ಸೀಸ ಮಾಡುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ನೀರನ್ನು ಕುದಿಸುವುದರಿಂದಲೂ ಸೀಸ ಹೋಗುವುದಿಲ್ಲ. ಚೀನಾದ ಗುಯಿಯು ಪಟ್ಟಣದಲ್ಲಿ ಮನೆಮನೆಯ ಇ-ತ್ಯಾಜ್ಯ ಕಸುಬಿನಿಂದ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಬೋರ್ಡು ಸುಟ್ಟ ಕಪ್ಪು ಬೂದಿ ರಾಮಗಂಗಾ ನದಿಯ ದಡದಲ್ಲಿ ರಾಶಿಬಿದ್ದಿತ್ತು. ದೂರದ ಮಾತೇಕೆ, ಕೆ.ಜಿ.ಎಫ್. ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿನ ಸೈನೈಡ್ ದಿಬ್ಬಗಳು ಇಂದಿಗೂ ಕರಗಿಲ್ಲ. ಅಲ್ಲಿ ತ್ಯಾಜ್ಯವೆಲ್ಲಿದೆ ಎಂಬುದಾದರೂ ಕಣ್ಣಿಗೆ ಕಾಣುತ್ತದೆ. ಹಿತ್ತಲಿನಲ್ಲಿ ಚೆಲ್ಲಿದ್ದು ಕಾಣುವುದಿಲ್ಲ.

ತಾಮ್ರಕ್ಕಾಗಿ ವೈರು ಸುಡುವುದು ಇದಕ್ಕಿಂತ ಹೆಚ್ಚು ಸಾಮಾನ್ಯ. ಪಿ.ವಿ.ಸಿ. ಹೊದಿಕೆ ಉರಿದಾಗ ಡೈಆಕ್ಸಿನ್ ಎಂಬ ವಿಷವಸ್ತುಗಳು ಉಂಟಾಗಿ ಹತ್ತಿರದ ಮೇವಿನ ಮೇಲೆ ಕೂರುತ್ತವೆ, ಅಲ್ಲಿಂದ ಹಾಲಿಗೆ ಬರುತ್ತವೆ.

1ನೇ ಏಪ್ರಿಲ್ 2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ಪ್ರಕಾರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ನೋಂದಾಯಿಸದೆ ಯಾರೂ ಮರುಬಳಕೆ ಘಟಕ ನಡೆಸುವಂತಿಲ್ಲ. ಘನತ್ಯಾಜ್ಯದಲ್ಲಿ ಬೆರೆತು ಬಂದ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತರಿಗೆ ತಲುಪಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಆಮ್ಲದ ಚಿಲ್ಲರೆ ಮಾರಾಟದ ಮೇಲೆ 2013ರಲ್ಲಿಯೇ ಸುಪ್ರೀಂ ಕೋರ್ಟ್ ನಿರ್ಬಂಧ ವಿಧಿಸಿದೆ.

ಆದರೂ ಮೊದಲ ಹೆಜ್ಜೆಯಾಗಿ ದೂರು ದಾಖಲಿಸಿದರೆ ಕೆಲಸ ನಿಲ್ಲುವುದಕ್ಕಿಂತ ತೋಟದ ಶೆಡ್ಡಿಗೆ ಸ್ಥಳಾಂತರವಾಗುವ ಸಂಭವವೇ ಹೆಚ್ಚು. ಗುಜರಿ ವ್ಯಾಪಾರಿಯನ್ನು ಪಂಚಾಯಿತಿಗೆ ಕರೆಸಿ ಮಾತನಾಡುವುದು ಹೆಚ್ಚು ಫಲಕಾರಿ. ಬೋರ್ಡನ್ನು ಒಡೆಯದೆ, ಸುಡದೆ, ಚಿನ್ನದ ಭಾಗವನ್ನು ಕತ್ತರಿಸದೆ ಇಡಿಯಾಗಿ ಕೂಡಿಟ್ಟರೆ ನೋಂದಾಯಿತ ಘಟಕದವರು ತೂಕಕ್ಕೆ ಬೆಲೆ ಕೊಟ್ಟು ಕೊಳ್ಳುತ್ತಾರೆ. ಚಿನ್ನ, ತಾಮ್ರ, ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ಪಡೆದ ಲೆಕ್ಕದ ಮೇಲೆ ಅವರಿಗೆ ಪ್ರಮಾಣಪತ್ರ ದೊರೆಯುವುದರಿಂದ ಒಳ್ಳೆಯ ಬೋರ್ಡಿಗೆ ಬೇಡಿಕೆಯಿದೆ. ಆಮ್ಲವಿಲ್ಲದೆಯೂ ಆ ವ್ಯಾಪಾರಿಗೆ ಸಂಪಾದನೆಯುಂಟು ಎಂಬುದನ್ನು ತೋರಿಸಿಕೊಟ್ಟ ಮೇಲೂ ಕೇಳದಿದ್ದರೆ ಆಗ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಪತ್ರ ಬರೆಯತಕ್ಕದ್ದು.

ಸ್ವಚ್ಛ ಸಂಕೀರ್ಣದಲ್ಲಿ ಇ-ತ್ಯಾಜ್ಯಕ್ಕೆಂದು ಮಳೆ ತಾಗದ, ಬೀಗ ಹಾಕಬಹುದಾದ ಒಂದು ಮೂಲೆ ಸಾಕು. ಸ್ವಚ್ಛವಾಹಿನಿಯ ಸಿಬ್ಬಂದಿ ಮೊಬೈಲ್ ಬ್ಯಾಟರಿಗಳನ್ನು ಚುಚ್ಚದೆ, ಜಜ್ಜದೆ ಬೇರೆಯಾಗಿಡಬೇಕು, ಅವು ಹೊತ್ತಿಕೊಳ್ಳುತ್ತವೆ. ಟ್ಯೂಬ್‌ಲೈಟುಗಳಲ್ಲಿ ಪಾದರಸವಿರುವುದರಿಂದ ಒಡೆಯಬಾರದು. ಪಂಚಾಯಿತಿ ಕಚೇರಿಯಲ್ಲಿಯೇ ಕೆಟ್ಟ ಕಂಪ್ಯೂಟರ್, ಪ್ರಿಂಟರ್‌ಗಳು ವರ್ಷಗಟ್ಟಲೆ ಧೂಳು ತಿನ್ನುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಅವುಗಳನ್ನು ದಾಸ್ತಾನು ವಹಿಯಲ್ಲಿ ಕ್ರಮಬದ್ಧವಾಗಿ ವಜಾ ಮಾಡಿ ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು. ಯು.ಪಿ.ಎಸ್. ಬ್ಯಾಟರಿಗಳಿಗೆ ಬ್ಯಾಟರಿ ತ್ಯಾಜ್ಯದ ಪ್ರತ್ಯೇಕ ನಿಯಮಗಳಿರುವುದರಿಂದ ಅವುಗಳನ್ನು ಇದರೊಡನೆ ಸೇರಿಸಬಾರದು. ಸಾಗಿಸುವಾಗ ತೂಕ, ದಿನಾಂಕ ಮತ್ತು ಕೊಂಡವರ ನೋಂದಣಿ ಸಂಖ್ಯೆಯುಳ್ಳ ರಸೀದಿಯನ್ನು ಪಡೆದು ಕಡತದಲ್ಲಿ ಇಡತಕ್ಕದ್ದು.