ಪ್ರವಾಸಿಗರು ಬಂದರೆ ಊರಿಗೆ ಏನು ಸಿಗುತ್ತೆ?

ಹಂಪಿಯ ಫೋಟೋ ನಮ್ಮೆಲ್ಲರ ಫೋನಲ್ಲೂ ಇರುತ್ತೆ. ಕಲ್ಲಿನ ರಥ, ವಿರೂಪಾಕ್ಷ ಗುಡಿ, ಮಾತಂಗ ಬೆಟ್ಟದ ಸೂರ್ಯೋದಯ. ಆದರೆ ಅಲ್ಲೇ ಹುಟ್ಟಿ ಬೆಳೆದ ಜನ ಆ ಫೋಟೋಗಳಲ್ಲಿ ಇರಲ್ಲ. ಪ್ರವಾಸಿಗರು ಬಂದಿದ್ದರಿಂದ ಅವರಿಗೆ ಏನಾಯ್ತು ಅಂತ ನಾವು ಕೇಳೋದೂ ಕಡಿಮೆ.

'ಸಮುದಾಯ ಆಧಾರಿತ ಪ್ರವಾಸೋದ್ಯಮ' ಅಂದರೆ ಊರಿನವರೇ ನಡೆಸುವ ಪ್ರವಾಸೋದ್ಯಮ. ಬಂದವರು ಊರಿನ ಮನೆಯಲ್ಲೇ ಉಳೀತಾರೆ, ಅಲ್ಲಿನ ಜೋಳದ ರೊಟ್ಟಿ ತಿಂತಾರೆ, ಊರಿನ ಹುಡುಗರೇ ಗೈಡ್ ಆಗ್ತಾರೆ. ಎಷ್ಟು ಜನ ಬರಬೇಕು, ಬಂದ ದುಡ್ಡನ್ನು ಹೇಗೆ ಹಂಚಬೇಕು ಅನ್ನೋದನ್ನೂ ಊರೇ ತೀರ್ಮಾನಿಸುತ್ತೆ. ಕೆಲಸ ಸಿಗೋದು ಬೇರೆ, ತೀರ್ಮಾನ ನಮ್ಮ ಕೈಯಲ್ಲಿರೋದು ಬೇರೆ.

ಇದಕ್ಕೆ ಹತ್ತಿರದ ಉದಾಹರಣೆ ತುಂಗಭದ್ರೆಯ ಆಚೆ ದಡದ ಆನೆಗೊಂದಿ. ಶಮಾ ಪವಾರ್ ಅವರು 1997ರಲ್ಲಿ ಶುರು ಮಾಡಿದ ಕಿಷ್ಕಿಂದಾ ಟ್ರಸ್ಟ್ ಅಲ್ಲಿ ಹಳೇ ಮನೆಗಳನ್ನು ದುರಸ್ತಿ ಮಾಡಿಸಿ ಹೋಂಸ್ಟೇ ಮಾಡಿತು. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ಬಾಳೆ ದಿಂಡಿನಿಂದ ನಾರು ತೆಗೆದು ಬ್ಯಾಗ್, ಬುಟ್ಟಿ ಮಾಡೋದನ್ನು ಹೆಣ್ಣುಮಕ್ಕಳು ಕಲಿತರು. ಇಲ್ಲಿ ಪ್ರವಾಸಿ ಕೊಡೋ ದುಡ್ಡಿನ ಒಂದು ಪಾಲು ನೇರವಾಗಿ ಊರಿನ ಮನೆಗೆ ಹೋಗುತ್ತೆ.

ಹಂಪಿಯ ಕಥೆಗೆ ಇನ್ನೊಂದು ಮುಖವೂ ಇದೆ. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ಕೆಡವಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳೂ ಹೋದವು. ಸ್ಮಾರಕ ಉಳಿಸಬೇಕು ಅನ್ನೋದು ಸರಿಯೇ. ಆದರೆ ಪ್ರವಾಸಿಗರನ್ನೇ ನಂಬಿದ್ದ ಅಡುಗೆಯವರು, ದೋಣಿಯವರು, ಸಣ್ಣ ಅಂಗಡಿಯವರಿಗೆ ಬೇರೆ ದಾರಿ ಏನಿತ್ತು? ಒಂದೇ ಆದಾಯಕ್ಕೆ ಜೋತುಬಿದ್ದರೆ ಇರೋ ಅಪಾಯ ಇದು. 2020ರ ಲಾಕ್‌ಡೌನ್‌ನಲ್ಲಿ ಎಲ್ಲಾ ಪ್ರವಾಸಿ ಊರುಗಳಿಗೂ ಇದು ಅರ್ಥ ಆಯ್ತು.

ಡಾಕ್ಸಿ ಎಂಬ ಸಂಶೋಧಕ 1975ರಲ್ಲೇ ಊರಿನವರ ಮನಸ್ಸು ಬದಲಾಗೋ ನಾಲ್ಕು ಹಂತ ಹೇಳಿದ್ದ: ಮೊದಲು ಖುಷಿ, ಆಮೇಲೆ ಉದಾಸೀನ, ನಂತರ ಕಿರಿಕಿರಿ, ಕೊನೆಗೆ ವಿರೋಧ. ಆದರೆ ಇಡೀ ಊರು ಒಟ್ಟಿಗೆ ಒಂದೇ ಹಂತದಲ್ಲಿ ಇರಬೇಕಾಗಿಲ್ಲ. ಖಾಲಿ ಕೋಣೆ ಇರೋರಿಗೆ ಪ್ರವಾಸಿ ಅಂದರೆ ಬಾಡಿಗೆ. ಜಮೀನೇ ಇಲ್ಲದವರಿಗೆ ಅದೇ ಪ್ರವಾಸಿಯಿಂದ ಸೈಟಿನ ರೇಟ್ ಏರಬಹುದು, ಕೆಲಸವೂ ಸಿಗಬಹುದು. ಹಿರಿಯರಿಗೆ ಗುಡಿಯ ಹತ್ತಿರದ ಗಲಾಟೆ, ಕಸದ ಚಿಂತೆ. ಹಾಗಾಗಿ "ಊರಿನವರು ಏನಂತಾರೆ?" ಅಂತ ಕೇಳುವಾಗ ಊರಲ್ಲಿ ಯಾರನ್ನು ಕೇಳಿದ್ವಿ ಅನ್ನೋದೂ ಮುಖ್ಯ.

ಇದು ಈಗ ನಮ್ಮದೇ ಪ್ರಶ್ನೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದ ಮೇಲೆ ಹಂಪಿ ಬಳ್ಳಾರಿ ಜಿಲ್ಲೆಯಲ್ಲಿ ಇಲ್ಲ. ಆದರೆ ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಇದ್ದಾನೆ. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆ, ಬಳ್ಳಾರಿ ಪಕ್ಕದ ಸಂಗನಕಲ್ಲು, ಎರಡೂ ನವಶಿಲಾಯುಗದ ನೆಲೆಗಳು. ನಾಳೆ ಇಲ್ಲಿಗೂ ಪ್ರವಾಸಿಗರು ಹೆಚ್ಚಾಗಿ ಬಂದರೆ ಒಳ್ಳೇದೇ. ಆದರೆ ಬೋರ್ಡ್ ಹಾಕೋ ಮೊದಲು ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಬೇಕು: ದುಡ್ಡು ಯಾರಿಗೆ ಹೋಗುತ್ತೆ? ಕಸ, ನೀರಿನ ಹೊಣೆ ಯಾರದ್ದು? "ಇಷ್ಟು ಸಾಕು" ಅಂತ ಹೇಳೋ ಹಕ್ಕು ಯಾರಿಗಿದೆ?

ಮೂರನೇ ಪ್ರಶ್ನೆಗೆ "ಊರಿಗೆ" ಅನ್ನೋ ಉತ್ತರ ಸಿಗದಿದ್ದರೆ ಹೆಸರಿನಲ್ಲಿ 'ಸಮುದಾಯ' ಇದ್ದೂ ಪ್ರಯೋಜನ ಇಲ್ಲ.