ದೊಡ್ಡರೋಗದ ನಿರ್ಮೂಲನವೂ ಕಾಲುಬಾಯಿ ರೋಗದ ಲಸಿಕೆಯೂ

ಪಶುವೈದ್ಯ ಇಲಾಖೆಯವರು ವರ್ಷಕ್ಕೆ ಎರಡಾವೃತ್ತಿ ಗ್ರಾಮಗಳಿಗೆ ಬಂದು ದನಗಳಿಗೆ ಕಾಲುಬಾಯಿ ರೋಗದ ಲಸಿಕೆಯನ್ನು ಹಾಕುವಾಗ, ವಯಸ್ಸಾದ ರೈತರು ಒಂದು ಪ್ರಶ್ನೆಯನ್ನು ಕೇಳುವುದುಂಟು. ಹಿಂದೆ ದೊಡ್ಡರೋಗಕ್ಕೆ ಒಂದು ಸಾರಿ ಹಾಕಿದ ಲಸಿಕೆಯು ದನದ ಆಯುಷ್ಯಕ್ಕೆಲ್ಲ ಸಾಕಾಗುತ್ತಿತ್ತು. ಈ ರೋಗಕ್ಕೆ ಮಾತ್ರ ಆರು ತಿಂಗಳಿಗೊಮ್ಮೆ ಏಕೆ ಹಾಕಿಸಬೇಕು? ಪ್ರಶ್ನೆಯು ನ್ಯಾಯವಾದುದೇ ಆಗಿದೆ. ಇದಕ್ಕೆ ತಕ್ಕ ಉತ್ತರವು ದೊರೆಯದಿರುವುದರಿಂದ, ಲಸಿಕೆಯ ದಿವಸ ದನಗಳನ್ನು ಹೊತ್ತಿಗೆ ಮುಂಚೆಯೇ ಗೋಮಾಳಕ್ಕೆ ಅಟ್ಟಿಬಿಡುವವರು ಪ್ರತಿಯೊಂದು ಗ್ರಾಮದಲ್ಲಿಯೂ ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಈ ನಾಲ್ಕಾರು ಮನೆಗಳಿಂದ ಊರಿಗೆಲ್ಲ ಒದಗಬಹುದಾದ ನಷ್ಟವು ಅಲ್ಪವಾದುದಲ್ಲ.

ದೊಡ್ಡರೋಗವು ಎಂತಹುದೆಂಬುದನ್ನು ಈಗಿನ ಯುವಕರು ಕಂಡವರಲ್ಲ. ಮೊದಲು ಕಾವು ಏರಿ, ಬಾಯಿಯಲ್ಲಿ ಹುಣ್ಣುಗಳೆದ್ದು, ಅನಂತರ ದುರ್ವಾಸನೆಯ ಭೇದಿಯು ಹತ್ತಿ, ದನವು ಒಂದೆರಡು ವಾರಗಳೊಳಗಾಗಿ ಸಾಯುತ್ತಿತ್ತು. ಒಂದು ಕೊಟ್ಟಿಗೆಗೆ ಹೊಕ್ಕರೆ ಊರಿನ ದನಗಳಲ್ಲಿ ಬಹುಪಾಲು ಹೋದ ಮೇಲೆಯೇ ಅದು ಬಿಡುತ್ತಿತ್ತು. ಎತ್ತುಗಳಿಲ್ಲದೆ ಹೊಲವು ಬೀಳುಬಿದ್ದು ಮುಂದಿನ ವರ್ಷ ರೈತನು ಸಾಲಗಾರನಾಗುತ್ತಿದ್ದನು. ಇದರ ಹಾವಳಿಯನ್ನು ವಿಚಾರಿಸುವುದಕ್ಕಾಗಿ ಸರ್ಕಾರದವರು ನೇಮಿಸಿದ್ದ ಮಂಡಲಿಯು 1871ರಲ್ಲಿ ತನ್ನ ವರದಿಯನ್ನೊಪ್ಪಿಸಿತು. 1889ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಪ್ರಯೋಗಶಾಲೆಯು 1893ರಲ್ಲಿ ಕುಮಾವೂಂ ಬೆಟ್ಟಗಳಲ್ಲಿರುವ ಮುಕ್ತೇಶ್ವರಕ್ಕೆ ವರ್ಗವಾಯಿತು. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯು ಏರ್ಪಟ್ಟುದು ಈ ರೋಗದ ಸಲುವಾಗಿಯೇ. ಆದರೆ ಸೀರಂ ಚುಚ್ಚುವುದರಿಂದ ದನಕ್ಕೆ ದೊರೆಯುತ್ತಿದ್ದ ರಕ್ಷಣೆಯು ಕೆಲವು ದಿವಸಗಳದು ಮಾತ್ರ. ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬುವರು ರೋಗವಿಷವನ್ನು ಮೇಕೆಗಳ ಮೈಯಲ್ಲಿ ಮೇಲಿಂದ ಮೇಲೆ ಹಾಯಿಸಿ ಸೌಮ್ಯಗೊಳಿಸುವ ಕ್ರಮವನ್ನು 1920ರ ದಶಕದಲ್ಲಿ ಕಂಡುಹಿಡಿದರು; ಇದರಿಂದ ಬಹುಕಾಲ ನಿಲ್ಲುವ ಲಸಿಕೆಯು ಕಡಿಮೆ ವೆಚ್ಚದಲ್ಲಿ ದೊರೆಯುವಂತಾಯಿತು. ಅದಕ್ಕಿಂತಲೂ ನಿರಪಾಯವಾದ, ಮಿಶ್ರತಳಿಯ ಹಸುಗಳಿಗೂ ಒಗ್ಗುವ ಲಸಿಕೆಯನ್ನು 1960ರ ಸುಮಾರಿಗೆ ಆಫ್ರಿಕದ ಕೀನ್ಯಾ ದೇಶದಲ್ಲಿ ಪ್ಲೋರೈಟ್ ಎಂಬುವರು ಸಿದ್ಧಪಡಿಸಿದರು.

ಲಸಿಕೆಯಿದ್ದ ಮಾತ್ರಕ್ಕೆ ರೋಗವು ಹೋಗಲಿಲ್ಲವೆಂಬುದು ಇಲ್ಲಿ ಮುಖ್ಯವಾದ ವಿಷಯ. ಭಾರತ ಸರ್ಕಾರದವರು 1954ರಲ್ಲಿ ನಿರ್ಮೂಲನ ಕಾರ್ಯವನ್ನಾರಂಭಿಸಿದರು. ರೋಗವು ಬಹಳವಾಗಿ ತಗ್ಗಿತು. ತಗ್ಗಿತೆಂಬ ಭರವಸೆಯಿಂದ ಜನರೂ ಅಧಿಕಾರಿಗಳೂ ಸಡಿಲಬಿಟ್ಟರು. ಲಸಿಕೆ ಕಾಣದ ದನಗಳ ಗುಂಪುಗಳಲ್ಲಿ ಅದು ಉಳಿದುಕೊಂಡು, ಸಂತೆಗೆ ನಡೆದುಹೋಗುವ ದನಗಳೊಡನೆ ತಿರುಗಿ ಬರುತ್ತಲೇ ಇತ್ತು. ದಕ್ಷಿಣದ ರಾಜ್ಯಗಳಲ್ಲಿಯೇ ಅದು ಕಡೆಯವರೆಗೆ ಬೇರೂರಿತ್ತೆಂಬುದನ್ನು ಮರೆಯಲಾಗದು. 1992ರಲ್ಲಿ ಹೊಸದಾಗಿ ಯೋಜನೆಯನ್ನು ಹೂಡಿ, ಬಿಟ್ಟುಹೋದ ಗುಂಪುಗಳನ್ನು ಹುಡುಕಿ ಹುಡುಕಿ ಲಸಿಕೆ ಹಾಕಿದ ಮೇಲೆ, 1995ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡುದೇ ದೇಶದಲ್ಲಿ ಕಡೆಯದಾಯಿತು. ಅನಂತರ ಲಸಿಕೆಯನ್ನು ನಿಲ್ಲಿಸಿ, ಊರೂರಿಗೂ ಹೋಗಿ ರೋಗವೇನಾದರೂ ಉಳಿದಿದೆಯೇ ಎಂದು ವಿಚಾರಿಸಲಾಯಿತು. 2006ರಲ್ಲಿ ಭಾರತವು ಈ ರೋಗದ ಸೋಂಕಿನಿಂದ ಮುಕ್ತವಾದ ದೇಶವೆಂದು ಮನ್ನಣೆ ಪಡೆಯಿತು. 2011ರಲ್ಲಿ ಭೂಮಂಡಲದಿಂದಲೇ ಅದು ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. ಮನುಷ್ಯರ ಸಿಡುಬಿನ ತರುವಾಯ ಹೀಗೆ ಬೇರುಸಹಿತ ಹೋದ ರೋಗವು ಇದೊಂದೇ.

ಇನ್ನು ರೈತರ ಪ್ರಶ್ನೆಗೆ ಬರಬಹುದು. ದೊಡ್ಡರೋಗದ ವಿಷಾಣುವಿನಲ್ಲಿ ಲಸಿಕೆಯನ್ನು ತಪ್ಪಿಸಿಕೊಳ್ಳಬಲ್ಲ ಬಗೆಗಳಿರಲಿಲ್ಲ. ಒಂದೇ ಲಸಿಕೆಯು ಎಲ್ಲಕ್ಕೂ ನಡೆಯುತ್ತಿತ್ತು. ರೋಗದಿಂದ ಎದ್ದ ದನವು ಮತ್ತೆ ರೋಗವನ್ನು ಹರಡುತ್ತಿರಲಿಲ್ಲ. ಮೈಯಿಂದ ಹೊರಬಿದ್ದ ವಿಷಾಣುವು ಬಿಸಿಲಿನಲ್ಲಿ ಬೇಗನೆ ನಾಶವಾಗುತ್ತಿತ್ತು. ಲಸಿಕೆಯು ಸೌಮ್ಯಗೊಳಿಸಿದ ಜೀವಂತ ವಿಷಾಣುವಿನದಾದುದರಿಂದ ಅದರ ಪ್ರಭಾವವು ಜೀವಮಾನವಿಡೀ ನಿಲ್ಲುತ್ತಿತ್ತು. ಕಾಲುಬಾಯಿ ರೋಗದ ಸ್ವಭಾವವು ಪ್ರತಿಯೊಂದರಲ್ಲಿಯೂ ಇದಕ್ಕೆ ವಿರುದ್ಧವಾದುದು. ಪ್ರಪಂಚದಲ್ಲಿ ಇದರ ವಿಷಾಣುವಿನಲ್ಲಿ ಏಳು ಬಗೆಗಳುಂಟು. ಭಾರತದಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಗಳು ಈಗ ಸಂಚರಿಸುತ್ತಿವೆ. ಒಂದು ಬಗೆಯಿಂದ ನರಳಿ ಎದ್ದ ದನಕ್ಕೆ ಮತ್ತೊಂದು ಬಗೆಯು ತಗಲುವುದಕ್ಕೆ ಅಡ್ಡಿಯಿಲ್ಲ. ಆದುದರಿಂದ ಮೂರನ್ನೂ ಸೇರಿಸಿ ಲಸಿಕೆಯನ್ನು ತಯಾರಿಸುತ್ತಾರೆ. ವಿಷಾಣುವನ್ನು ಕೊಂದು ಮಾಡಿದ ಲಸಿಕೆಯಾದ ಕಾರಣ ಇದರ ಬಲವು ಆರು ತಿಂಗಳ ಹೊತ್ತಿಗೆ ಕುಂದುತ್ತದೆ. ಗುಣವಾದ ಹಸು ಎಮ್ಮೆಗಳ ಗಂಟಲಿನಲ್ಲಿ ವಿಷಾಣುವು ತಿಂಗಳುಗಟ್ಟಲೆ ಅಡಗಿರಬಲ್ಲುದು. ಗಾಳಿ, ಹುಲ್ಲು, ಗಾಡಿಯ ಚಕ್ರ, ಹಾಲು ಕರೆಯುವವನ ಕೈ ಮುಂತಾದ ಎಲ್ಲದರ ಮೂಲಕವೂ ಅದು ಹರಡುವುದು.

ಈ ರೋಗದಿಂದ ದೊಡ್ಡ ದನಗಳು ಸಾಯುವುದು ಕಡಿಮೆಯೆಂದು ಅನೇಕರು ಇದನ್ನು ಲಘುವಾಗಿ ಎಣಿಸುವರು. ಇದು ಅರ್ಧಸತ್ಯ. ಎಳೆಗರುಗಳ ಹೃದಯಕ್ಕೆ ರೋಗವು ತಗಲಿ ಅವು ಬಾಯಲ್ಲಿ ಹುಣ್ಣು ಕಾಣಿಸಿಕೊಳ್ಳುವುದಕ್ಕೆ ಮುಂಚೆಯೇ ತಟ್ಟನೆ ಬಿದ್ದು ಸಾಯುವುದುಂಟು. ಕರೆಯುವ ಹಸುವಿಗೆ ಕೆಚ್ಚಲು ಬಾವು ಬಂದು ಹಾಲು ಹೋದರೆ ಆ ಸೂಲಿನಲ್ಲಿ ಪೂರ್ತಿಯಾಗಿ ಮರಳುವುದಿಲ್ಲ, ಗಬ್ಬವು ಇಳಿದುಹೋಗುವುದು. ಉಳುವ ಎತ್ತು ಗೊರಸು ಹುಣ್ಣಾಗಿ ಬಿತ್ತನೆಯ ಹದದಲ್ಲಿಯೇ ಮಲಗಿದರೆ ಆ ವರ್ಷದ ಬೆಳೆಯ ಗತಿಯೇನೆಂಬುದನ್ನು ಜಮೀನ್ದಾರರಿಗೆ ಹೇಳಬೇಕಾದುದಿಲ್ಲ. ಗುಣವಾದ ಮೇಲೂ ಕೆಲವು ದನಗಳು ಬಿಸಿಲನ್ನು ತಾಳಲಾರದೆ ಏದುಸಿರು ಬಿಡುತ್ತ ಕೆಲಸಕ್ಕೆ ಬಾರದಂತಾಗುವುವು. 2013ರಲ್ಲಿ ಕರ್ನಾಟಕದಲ್ಲಿ ಈ ರೋಗವು ಉಗ್ರವಾಗಿ ಹಬ್ಬಿದಾಗ ಸಾವಿರಾರು ದನಗಳೇ ಸತ್ತುವು.

ಇದರ ಹತೋಟಿಗಾಗಿ ಭಾರತ ಸರ್ಕಾರದವರು 2019ರ ಸೆಪ್ಟೆಂಬರ್ ತಿಂಗಳಿನಲ್ಲಿ ಮಥುರೆಯಲ್ಲಿ ರಾಷ್ಟ್ರೀಯ ಯೋಜನೆಯನ್ನು ಪ್ರಾರಂಭಿಸಿದರು. ಐದು ವರ್ಷಗಳಿಗೆಂದು 13,343 ಕೋಟಿ ರೂಪಾಯಿಗಳು ಮಂಜೂರಾದುವು. 2030ರೊಳಗಾಗಿ ರೋಗವನ್ನು ನಿರ್ಮೂಲ ಮಾಡುವುದು ಉದ್ದೇಶ. ಲಸಿಕೆಗೆ ರೈತನು ಹಣ ಕೊಡಬೇಕಾದುದಿಲ್ಲ. ಕಂದು ರೋಗಕ್ಕೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನ ಹೆಣ್ಣುಗರುಗಳಿಗೆ ಜೀವಮಾನದಲ್ಲಿ ಒಂದು ಸಾರಿ ಹಾಕುವ ಲಸಿಕೆಯೂ ಈ ಯೋಜನೆಗೆ ಸೇರಿದೆ. ಈ ಕಂದು ರೋಗವು ಮನುಷ್ಯರಿಗೂ ಅಂಟುವುದಾದುದರಿಂದ ಇದನ್ನು ಅಲಕ್ಷಿಸತಕ್ಕದ್ದಲ್ಲ.

ರೈತರ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದು ತಳ್ಳಿಬಿಡುವುದು ಸರಿಯಲ್ಲ. ಲಸಿಕೆ ಹಾಕಿದ ಎರಡು ಮೂರು ದಿವಸ ಹಾಲು ಸ್ವಲ್ಪ ಕಡಿಮೆಯಾಗುವುದೂ, ಚುಚ್ಚಿದ ಸ್ಥಳದಲ್ಲಿ ಗಂಟು ಏಳುವುದೂ ನಿಜವೇ. ಡೈರಿಗೆ ಹಾಲು ಹಾಕಿ ಮನೆವಾರ್ತೆ ನಡೆಸುವ ಬಡ ಗೃಹಿಣಿಗೆ ಅದೂ ಒಂದು ನಷ್ಟವೇ ಸರಿ. ಇದನ್ನು ಮುಚ್ಚಿಡದೆ ಮೊದಲೇ ತಿಳಿಸಿದಲ್ಲಿ ಜನರು ಒಪ್ಪುವರು. ಏನೂ ಆಗದೆಂದು ಹೇಳಿ ಮರುದಿವಸ ಹಾಲು ತಗ್ಗಿದರೆ ಮುಂದಿನ ಸಾರಿ ಯಾರೂ ದನವನ್ನು ಹಿಡಿದುಕೊಡಲಾರರು. ಕಿವಿಗೆ ಹಾಕುವ ಹನ್ನೆರಡು ಅಂಕಿಗಳ ಓಲೆಯು ತೆರಿಗೆಗಾಗಿ ಎಂಬ ವದಂತಿಗೆ ಮಾತ್ರ ಆಧಾರವಿಲ್ಲ. ಯಾವ ದನಕ್ಕೆ ಯಾವಾಗ ಲಸಿಕೆಯಾಯಿತೆಂಬುದನ್ನು ಬರೆದಿಡುವುದಕ್ಕೆ ಅದು ಬೇಕಾಗಿದೆ.

ಊರಿನ ಮುಖ್ಯಸ್ಥರು ಗಮನಿಸತಕ್ಕ ಕೆಲವು ಸಂಗತಿಗಳುಂಟು. ಲಸಿಕೆಯನ್ನು ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಬಿಸಿಲಿನಿಂದಲೂ ಕೆಡುವುದು, ಹೆಪ್ಪುಗಟ್ಟಿದರೂ ಕೆಡುವುದು. ದನಗಳು ಒಂದೆಡೆ ಸೇರದೆ ವೈದ್ಯರು ಮಂಜಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೊಲದಿಂದ ಹೊಲಕ್ಕೆ ಅಲೆದರೆ ಲಸಿಕೆಯು ನಿಷ್ಪ್ರಯೋಜಕವಾದೀತು. ಆದ ಕಾರಣ ಹಿಂದಿನ ಸಂಜೆಯೇ ತಮಟೆ ಸಾರಿಸಿ, ಬೆಳಗಿನ ತಂಪಿನಲ್ಲಿ ದನಗಳನ್ನು ನೆರಳಿರುವ ಕಡೆ ಕಟ್ಟಿಸುವುದು ಮೇಲು. ಕರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲನೆಯ ಲಸಿಕೆಯನ್ನೂ ಒಂದು ತಿಂಗಳ ತರುವಾಯ ಎರಡನೆಯದನ್ನೂ ಹಾಕಿಸಬೇಕು. ಈ ಎರಡನೆಯದು ತಪ್ಪಿಹೋಗುವುದೇ ಹೆಚ್ಚು. ಲಸಿಕೆಯ ಬಲವು ಮೈಗೂಡಲು ಎರಡು ಮೂರು ವಾರಗಳು ಹಿಡಿಯುವುದರಿಂದ, ಘಾಟಿ ಸುಬ್ರಹ್ಮಣ್ಯದಂತಹ ದನಗಳ ಜಾತ್ರೆಗೆ ಹೊರಡುವ ಹಿಂದಿನ ದಿವಸ ಹಾಕಿಸಿದ ಲಸಿಕೆಯಿಂದ ಆ ಜಾತ್ರೆಯ ಮಟ್ಟಿಗೆ ಪ್ರಯೋಜನವಿಲ್ಲ.

ರೋಗದ ಸುದ್ದಿಯನ್ನು ಸರ್ಕಾರಕ್ಕೆ ಮುಟ್ಟಿಸುವ ಹೊಣೆಯು ಹಿಂದೆ ಪಟೇಲರದಾಗಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ರದ್ದುಪಡಿಸಿತಾದರೂ ಈ ಹೊಣೆಯು ಹೋಗಿಲ್ಲ. ಪ್ರಾಣಿಗಳ ಅಂಟುರೋಗಗಳನ್ನು ಕುರಿತ 2009ರ ಕೇಂದ್ರ ಕಾಯಿದೆಯ ಮೇರೆಗೆ, ಇಂತಹ ರೋಗವೆಂದು ಅನುಮಾನ ಬಂದೊಡನೆ ದನದ ಯಜಮಾನನು ಗ್ರಾಮಾಧಿಕಾರಿಗಾಗಲಿ ಪಂಚಾಯಿತಿಗಾಗಲಿ ತಿಳಿಸಬೇಕು. ಅಲ್ಲಿಂದ ಸುದ್ದಿಯು ಹತ್ತಿರದ ಪಶುವೈದ್ಯರಿಗೆ ಮುಟ್ಟಬೇಕು. ರೋಗದ ದನವನ್ನು ಬೇರೆ ಕಟ್ಟಬೇಕು. ಸಂತೆಗೂ, ಗೋಮಾಳಕ್ಕೂ, ಊರ ಕೆರೆಗೂ ಬಿಡಕೂಡದು. ರೋಗದ ದನವನ್ನು ಸುದ್ದಿ ಹೊರಬೀಳುವುದರೊಳಗಾಗಿ ಸಂತೆಯಲ್ಲಿ ಮಾರಿಬಿಡುವ ಅಭ್ಯಾಸವೊಂದುಂಟು. ರೋಗವು ಹೋಬಳಿಯಿಂದ ಹೋಬಳಿಗೆ ಹಾರುವುದು ಬಹುಮಟ್ಟಿಗೆ ಹೀಗೆಯೇ. ವೈದ್ಯರ ನೆರವಿಗಾಗಿ 1962 ಎಂಬ ದೂರವಾಣಿ ಸಂಖ್ಯೆಗೆ ತಿಳಿಸಬಹುದು.

ವೈದ್ಯರು ಬರುವವರೆಗೆ ದನಕ್ಕೆ ಮೆತ್ತನೆಯ ಗಂಜಿಯನ್ನು ಕೊಟ್ಟು, ಒಣಗಿದ ನೆಲದಲ್ಲಿ ಕಟ್ಟಿ, ಬಾಯಿಯನ್ನೂ ಗೊರಸನ್ನೂ ತಿಳಿಗೆಂಪು ಬಣ್ಣ ಬರುವಷ್ಟು ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೀರಿನಿಂದ ತೊಳೆಯಬಹುದು. ಕೊಟ್ಟಿಗೆಯ ನೆಲಕ್ಕೂ ಬಾನಿಗೂ ನೂರು ಪಾಲು ನೀರಿಗೆ ನಾಲ್ಕು ಪಾಲು ಬಟ್ಟೆ ಒಗೆಯುವ ಸೋಡವನ್ನು ಕರಗಿಸಿ ಬಳಿಯಬೇಕು. ರೋಗದ ದನವನ್ನು ನೋಡಿಕೊಳ್ಳುವವನು ಬೇರೆಯವನಾಗಿರಲಿ. ಅದು ಸಾಧ್ಯವಿಲ್ಲದಿದ್ದಲ್ಲಿ ಆರೋಗ್ಯವಾದ ದನಗಳ ಕೆಲಸವನ್ನೆಲ್ಲ ಮೊದಲು ಮುಗಿಸಿ, ಕಡೆಯಲ್ಲಿ ರೋಗದ ದನದ ಬಳಿಗೆ ಹೋಗಲಿ. ಜಾತ್ರೆಯಿಂದ ಕೊಂಡುತಂದ ದನವು ನೋಡುವುದಕ್ಕೆ ಎಷ್ಟೇ ಗಟ್ಟಿಯಾಗಿದ್ದರೂ ಮೂರು ವಾರಗಳ ಕಾಲ ಬೇರೆ ಗೊಂತಿನಲ್ಲಿಯೇ ಇರತಕ್ಕದ್ದು.